ನಡುವಿನ ತುಂಡು

ನಮ್ಮ ಚಿಕ್ಕಪ್ಪ ಹಾಕಿದ ಹೊಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವತ್ತು ವರ್ಷದಿಂದ ಇದು ಅವರ ಹೆಮ್ಮೆ. ಮೂವತ್ತು ವರ್ಷದಿಂದ ಇದೇ ಅವರ ಸಂಕಟ. ಹರಿದ ಕೋಟಿನ ಮೊಣಕೈಯನ್ನು ಅವರು ಕೂಡಿಸಿ ಕೊಟ್ಟರೆ ಗಿರಾಕಿ ಅದನ್ನು ಬೆಳಕಿಗೆ ಹಿಡಿದು, ಒಳಗೆ ಹೊರಗೆ ತಿರುಗಿಸಿ ನೋಡಿ, "ಇದು ಹರಿದೇ ಇರ್ಲಿಲ್ಲ ಅನ್ಸುತ್ತೆ, ಸುಮ್ನೆ ತಂದ್ಬಿಟ್ಟೆ" ಎಂದು ಹೊರಟುಬಿಡುತ್ತಾನೆ. ಚಿಕ್ಕಪ್ಪ ಅವನ ಬೆನ್ನು ನೋಡುತ್ತ ನಿಲ್ಲುತ್ತಾರೆ.

ಎದುರು ಅಂಗಡಿ ಟ್ಯೂಬಣ್ಣನದು. ಪಂಕ್ಚರ್ ಹಾಕುತ್ತಾನೆ. ಅವನು ಹಾಕಿದ ತೇಪೆ ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ಆದರೂ ಹೋಗುವವರು ಬರುವವರೆಲ್ಲ ಅವನಿಗೆ ಕೈಬೀಸಿ, "ಏನ್ ಟ್ಯೂಬಣ್ಣ, ಆರಾಮಾ?" ಎಂದು ಕೇಳಿಯೇ ಮುಂದೆ ಹೋಗುವುದು. ನಮ್ಮ ಅಂಗಡಿಯ ಕಡೆ ತಿರುಗುವುದು ಗುಂಡಿ ಕಿತ್ತುಹೋದಾಗ ಮಾತ್ರ. "ಅವನಿಗೆ ಏನು ಬರುತ್ತೆ ಅಂತ? ಗಾಳಿ ತುಂಬೋದು! ಅದು ಊದೋಕೆ ಬಾಯಿರೋ ಎಲ್ಲರಿಗೂ ಬರುತ್ತೆ" ಎಂದು ಚಿಕ್ಕಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಬೇರೆಯವರ ಮನೆಯಲ್ಲಿ ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಿಂತ ಮೊದಲು ಚಿಕ್ಕಪ್ಪನವರ ಹೊಟ್ಟೆ ಹೊತ್ತಿಕೊಂಡಿರುತ್ತದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಅಂಗಡಿಯ ಹಿಂಭಾಗದಲ್ಲಿ ಕೂತು ಕಾಜ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ. ಯಾರಾದರೂ ಮಾತಾಡಿಸಿದರೆ ನನ್ನ ನಾಲಿಗೆ ಒಣಗುತ್ತದೆ. ಹಾಗಾಗಿ ಬಾಯಿಯ ಪಾಲಿನ ಕೆಲಸವನ್ನೂ ಕಣ್ಣೇ ಮಾಡಿಕೊಂಡು ಬಂದಿದೆ.

ಆ ಕಣ್ಣಿನಿಂದಲೇ ನಾನು ಮೊದಲು ಮೇಡಂ ಅವರನ್ನು ನೋಡಿದ್ದು. ಕತ್ತಿನಲ್ಲಿ ಗುರುತಿನ ಚೀಟಿ, ಹೆಗಲಿನಲ್ಲಿ ಬಟ್ಟೆ ಚೀಲ, ಕೈಯಲ್ಲಿ ಫೈಲು. ಸರ್ಕಾರದ ಸಂಸ್ಕೃತಿ ಕಚೇರಿಯವರು. ಅಂಗಡಿ ಮೆಟ್ಟಿಲು ಹತ್ತಿ, "ಟೇಲರ್ ಸರ್, ಈ ಬೀದಿಯೋರೆಲ್ಲ ಸೇರಿ ಒಂದು ದೊಡ್ಡ ಬಟ್ಟೆ ಚಿತ್ರ ಮಾಡ್ಬೇಕು ಅಂತ ಯೋಜನೆ. ನೀವಿಲ್ದೆ ಈ ಕೆಲಸ ಆಗೋದೇ ಇಲ್ಲ. ಭಾನುವಾರ ಸಮುದಾಯ ಭವನದಲ್ಲಿ ಸಭೆ. ಖಂಡಿತ ಬನ್ನಿ" ಎಂದರು.

ನೀವಿಲ್ಲದೆ ಆಗುವುದಿಲ್ಲ! ಈ ಮಾತು ಕೇಳಿದ ಮೇಲೆ ಚಿಕ್ಕಪ್ಪ ಆ ದಿನ ಒಂದು ಪ್ಯಾಂಟಿಗೂ ಕತ್ತರಿ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಅವರು ಯೋಜನೆಯ ಮುಖ್ಯ ಕಲಾವಿದರಾಗಿದ್ದರು. ಔಷಧಿ ಅಂಗಡಿಯವರಿಗೆ ಹೇಳಿದರು, ಹಾಲಿನವಳಿಗೆ ಹೇಳಿದರು, ನಿವೃತ್ತ ಮೇಷ್ಟ್ರ ಮನೆಗೆ ಬೇಕೆಂದೇ ಹೋಗಿ ಹೇಳಿದರು. ಟ್ಯೂಬಣ್ಣನಿಗೆ ಮಾತ್ರ ಹೇಳಲಿಲ್ಲ. ಬದಲಿಗೆ ಅವನಿಗೆ ಕೇಳುವಂತೆ ನನಗೆ ಕೂಗಿ ಹೇಳಿದರು.

"ನೋಡಮ್ಮ, ನಾಳೆಯಿಂದ ನಾನು ಸ್ವಲ್ಪ ಬಿಜಿ! ಸರ್ಕಾರದ ಕಲೆ ಕೆಲಸ ಬಂದಿದೆ!"

ನಾನು ಒಂದು ಮೊಳ ದೂರದಲ್ಲಿ ಕೂತಿದ್ದೆ.

ಭಾನುವಾರ ಚಿಕ್ಕಪ್ಪ ಮದುವೆಯ ಕೋಟು ಹಾಕಿಕೊಂಡು ಹೊರಟರು. ಚಿಕ್ಕಮ್ಮ ಬಾಗಿಲಲ್ಲೇ ತಡೆದು, "ರೀ, ಸಭೆಗೆ ಹೋಗ್ತಿದೀರೋ, ಹೆಣ್ಣು ನೋಡೋಕೋ?" ಎಂದರು. "ನಿನಗೆ ಗೊತ್ತಾಗಲ್ಲ, ಸುಮ್ನಿರು" ಎಂದು ಚಿಕ್ಕಪ್ಪ ಭವನದ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಹೋಗಿ ಕೂತರು.

ಮೇಡಂ ಚೆನ್ನಾಗಿಯೇ ಮಾತಾಡಿದರು. ಕಲೆ ಎಂದರೆ ಯಾರೋ ನಾಲ್ಕು ಜನರ ಆಸ್ತಿ ಅಲ್ಲವಂತೆ, ಪ್ರತಿ ಮನೆಯಲ್ಲೂ ಒಬ್ಬ ಕಲಾವಿದ ಇರುತ್ತಾನಂತೆ. ನಮ್ಮ ಬೀದಿಯ ನಲವತ್ತೊಂಬತ್ತು ಮನೆಗೂ ಒಂದೊಂದು ಮೊಳ ಅಗಲದ ಬಟ್ಟೆ. ಅದರ ಮೇಲೆ ಮನೆಯವರು ಅವರ ಕೈಲಾದದ್ದು ಏನಾದರೂ ಮಾಡುವುದು. ಏಳು ಸಾಲು, ಸಾಲಿಗೆ ಏಳು ತುಂಡು. ಎಲ್ಲ ಕೂಡಿಸಿ ಭವನದ ಮುಂದಿನ ಅಂಗಳದಲ್ಲಿ ತೂಗುಹಾಕುವುದು.

"ತುಂಡುಗಳನ್ನ ಕೂಡಿಸೋಕೆ ನಮ್ಮ ಟೇಲರ್ ಸರ್ ಅವರ ಹೊಲಿಗೆ ಯಂತ್ರ ಕೊಡ್ತಿದಾರೆ. ಎಲ್ಲರೂ ಅವರಿಗೊಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಚಿಕ್ಕಪ್ಪ ಅರ್ಧ ಎದ್ದಿದ್ದರು, ಭಾಷಣಕ್ಕೆ. ಹಾಗೇ ಕೂತರು.

"ಯಂತ್ರ ಕೊಡ್ತಿದಾರಂತೆ" ಎಂದು ಮೇಷ್ಟ್ರು ಪಕ್ಕದವರಿಗೆ ಹೇಳಿದರು. "ಮುಖ್ಯ ಕಲಾವಿದ ಅಂದಿದ್ರಪ್ಪ ಮೊನ್ನೆ."

"ಯಂತ್ರಾನೂ ಮುಖ್ಯಾನೇ ಅಲ್ವಾ ಮೇಷ್ಟ್ರೇ" ಎಂದ ಟ್ಯೂಬಣ್ಣ. ಸಮಾಧಾನಕ್ಕೇ ಹೇಳಿದ್ದು. ಆದರೆ ಅವನು ಕೊಟ್ಟ ಸಮಾಧಾನವನ್ನು ಚಿಕ್ಕಪ್ಪ ಇಲ್ಲಿಯ ತನಕ ಕ್ಷಮಿಸಿಲ್ಲ.

ಮುಂದಿನ ಹತ್ತು ದಿನ ಚಿಕ್ಕಪ್ಪ ನಮ್ಮ ಮನೆಯ ತುಂಡನ್ನು ಯಾರಿಗೂ ಮುಟ್ಟಗೊಡಲಿಲ್ಲ. ಏಳು ಬೇರೆ ಬೇರೆ ಬಿಳಿ ಬಟ್ಟೆ ಆರಿಸಿದರು. ಅವನ್ನು ಹಾವಿನ ಹಾಗೆ ಡೊಂಕುಡೊಂಕಾಗಿ ಕತ್ತರಿಸಿ, ಒಂದರೊಳಗೊಂದು ಕೂಡಿಸಿ, ಒಂದೇ ಚೌಕ ಮಾಡಿದರು. ನೂಲನ್ನು ಅದೇ ಬಟ್ಟೆಯಿಂದ ಎಳೆದು ತೆಗೆದಿದ್ದರು. ಮುಗಿಸಿ ಚಿಕ್ಕಮ್ಮನ ಮುಂದೆ ಹಿಡಿದರು.

"ಹೇಗಿದೆ?"

ಚಿಕ್ಕಮ್ಮ ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಟ್ಟೆ ನೋಡಿದರು. "ಚೆನ್ನಾಗಿ ಇಸ್ತ್ರಿ ಮಾಡಿದೀರಿ."

"ಹೊಲಿಗೆ ಎಲ್ಲಿದೆ ಹೇಳು ನೋಡೋಣ?"

"ಇನ್ನೂ ಹಾಕಿಲ್ವಲ್ಲ?"

ಚಿಕ್ಕಪ್ಪನವರ ಮುಖ ಅರಳಿತು, ಆಮೇಲೆ ಬಾಡಿತು. ಗೆದ್ದದ್ದೋ ಸೋತದ್ದೋ ಅವರಿಗೇ ತಿಳಿಯಲಿಲ್ಲ.

ಆ ಶನಿವಾರ ಭವನದ ಒಳಗೆ ಹಗ್ಗ ಕಟ್ಟಿ ನಲವತ್ತೊಂಬತ್ತು ತುಂಡನ್ನೂ ನೇತುಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಒಣಗಿಸುವ ಕ್ಲಿಪ್ಪು. ಯಾವ ತುಂಡು ಇಷ್ಟವೋ ಅದಕ್ಕೆ ಸಿಕ್ಕಿಸಬೇಕು. ಅತಿ ಹೆಚ್ಚು ಕ್ಲಿಪ್ಪು ಬಿದ್ದದ್ದು ನಟ್ಟನಡುವೆ. ಉಳಿದವು ಚೀಟಿ ಎತ್ತಿದ ಪ್ರಕಾರ.

ಟ್ಯೂಬಣ್ಣನ ತುಂಡಿನ ಮುಂದೆ ಆಗಲೇ ಗುಂಪು. ಹಳೇ ಟ್ಯೂಬುಗಳನ್ನು ಕತ್ತರಿಸಿ ಇಡೀ ಬೀದಿಯನ್ನೇ ಅಂಟಿಸಿದ್ದ. ಒಂದೊಂದು ಪಂಕ್ಚರ್ ತೇಪೆ ಒಂದೊಂದು ಮನೆ.

"ಇದು ನಮ್ಮನೆ! ಮೆಟ್ಲು ಮುರಿದಿರೋದೂ ಇದೆ!"

"ನಮ್ಮ ನಾಯಿ ನೋಡ್ರೋ!"

ಟ್ಯೂಬಣ್ಣನ ತಾಯಿಗೆ ಕಣ್ಣು ಕಾಣುವುದಿಲ್ಲ. ಯಾರೋ ಅವರನ್ನು ಹತ್ತಿರ ಕರೆತಂದರು. ಅವರು ರಬ್ಬರಿನ ಮೇಲೆ ಬೆರಳಾಡಿಸುತ್ತ ಬೀದಿಯುದ್ದಕ್ಕೂ ನಡೆದುಹೋಗಿ, "ಇದು ನಮ್ಮ ಬಾಗಿಲು" ಎಂದು ಸರಿಯಾಗಿ ಅದರ ಮೇಲೆಯೇ ಬೆರಳಿಟ್ಟರು. ನೋಡಿದ ಹಾಲಿನವಳು ಅತ್ತೇಬಿಟ್ಟಳು.

ಚಿಕ್ಕಪ್ಪ ಜೇಬಿನಿಂದ ಅಳತೆ ಟೇಪು ತೆಗೆದರು. "ಮೇಡಂ, ಇದರಲ್ಲಿ ನಮ್ಮ ಅಂಗಡಿ ಅವನ ಅಂಗಡಿಗಿಂತ ಕಾಲು ಇಂಚು ಚಿಕ್ಕದಾಗಿದೆ."

"ಅದು ಚಿತ್ರ ಅಲ್ವಾ ಸರ್…"

"ಮತ್ತೆ ಇದರಲ್ಲಿ ಹೊಲಿಗೇನೇ ಇಲ್ಲ! ಬರೀ ಅಂಟು! ಅಂಟಿಸೋಕೆ ಅಂಚೆ ಕಚೇರೀಲಿ ಕೂತಿರೋರಿಗೂ ಬರುತ್ತೆ!"

"ನಾವು ಹೊಲಿಗೆ ಸ್ಪರ್ಧೆ ಇಟ್ಟಿಲ್ಲ ಸರ್. ಅವರವರ ಕೈಗೆ ಏನು ಗೊತ್ತೋ ಅದು" ಎಂದ ಮೇಡಂ, ಪಕ್ಕದ ನಮ್ಮ ತುಂಡನ್ನು ನೋಡಿ, "ಯಾರೋ ಒಬ್ರು ಖಾಲೀನೇ ಕೊಟ್ಟುಬಿಟ್ಟಿದಾರೆ, ಪಾಪ, ಸಂಕೋಚ ಇರ್ಬೇಕು" ಎಂದು ಮುಂದೆ ಹೋದರು.

ಹೇಳಿಬಿಡಬಹುದಿತ್ತು. ಆದರೆ ಸಂಕೋಚದವರು ಎಂದು ಕರುಣೆ ತೋರಿದ ಮೇಲೆ "ಅದು ನನ್ನದು" ಎನ್ನುವುದು ಹೇಗೆ? ಚಿಕ್ಕಪ್ಪ ಕೋಟಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು, ಮತ್ತೆ ಹಾಕಿಕೊಂಡರು.

ಸಂಜೆ ಎಣಿಸಿದಾಗ ಟ್ಯೂಬಣ್ಣನ ಹಗ್ಗ ಕ್ಲಿಪ್ಪಿನ ಭಾರಕ್ಕೆ ಜೋತುಬಿದ್ದಿತ್ತು. ನಮ್ಮದಕ್ಕೆ ಎರಡು. ಒಂದು ಚಿಕ್ಕಪ್ಪನದು. ಒಂದು ಚಿಕ್ಕಮ್ಮನದು, ಅವರು ಅದೇ ಮನೆಯಲ್ಲಿ ಬಾಳಬೇಕಲ್ಲ.

"ಮನೇಲಿ ಮೂರು ಜನ ಇದ್ದೀವಿ" ಎಂದರು ಚಿಕ್ಕಪ್ಪ, ದಾರಿಯಲ್ಲಿ. "ಎರಡು ಕ್ಲಿಪ್ಪು ಬಿದ್ದಿದೆ."

ನಾನು ಕಾಲಿನ ಹೆಬ್ಬೆರಳು ನೋಡುತ್ತ, ನನ್ನದು ಎಲ್ಲೋ ಬಿದ್ದುಹೋಯಿತು ಎಂದೆ. ಅದು ಬಿದ್ದದ್ದು ಟ್ಯೂಬಣ್ಣನ ಹಗ್ಗದ ಮೇಲೆ. ಏನು ಮಾಡಲಿ? ಅವನ ಚಿತ್ರದಲ್ಲಿ ನಮ್ಮ ಅಂಗಡಿಯ ಹಿಂದೆ ಒಂದು ಪುಟ್ಟ ಕಿಟಕಿ ಇತ್ತು. ಆ ಕಿಟಕಿಯಲ್ಲಿ ಸಾಸಿವೆಯಷ್ಟು ಒಂದು ರಬ್ಬರ್ ತಲೆ ಇತ್ತು. ಅಲ್ಲಿ ಕೂರುವವಳು ನಾನೊಬ್ಬಳೇ.

ಚೀಟಿಯಲ್ಲಿ ನಮ್ಮ ತುಂಡಿಗೆ ಬಂದ ಜಾಗ ಕೊನೆಯ ಸಾಲಿನ ಕೊನೆಯದು. ನೆಲಕ್ಕೆ ಹತ್ತಿರ, ಕಂಬದ ಪಕ್ಕ.

"ನಾಯಿ ಕಾಲೆತ್ತೋ ಜಾಗ" ಎಂದು ಚಿಕ್ಕಪ್ಪ ಊಟದ ತಟ್ಟೆಗೆ ಹೇಳಿದರು. "ಅವನು ಮನೆಮನೆಗೆ ಹೋಗಿ ಕ್ಲಿಪ್ಪು ಕೇಳಿದಾನೆ. ಸುಮ್ನೆ ಬೀಳುತ್ತಾ ಅಷ್ಟು? ಎಲ್ಲರ ಮನೇನೂ ಅಂಟಿಸಿರೋದು ಅದಕ್ಕೇ. ಅದು ಕಲೆ ಅಲ್ಲ, ಚುನಾವಣೆ!"

"ಅವನು ಯಾರನ್ನೂ ಕೇಳಿಲ್ಲ ರೀ. ಇವತ್ತು ಭವನದಲ್ಲಿ ಬಾಯೇ ಬಿಟ್ಟಿಲ್ಲ."

"ಅದೇ ತಂತ್ರ!"

ಸೋಮವಾರ ತುಂಡುಗಳೆಲ್ಲ ನಮ್ಮ ಅಂಗಡಿಗೆ ಬಂದವು, ಜೊತೆಗೆ ಯಾವುದು ಎಲ್ಲಿ ಎಂಬ ನಕ್ಷೆ. ಚಿಕ್ಕಪ್ಪ ಮೂರು ದಿನ ಯಂತ್ರ ತುಳಿದರು. ಎರಡನೇ ದಿನ ಮಧ್ಯಾಹ್ನ, ನಾಲ್ಕನೇ ಸಾಲಿಗೆ ಬಂದಾಗ, ನನ್ನ ಕಡೆ ತಿರುಗಿ, "ಹೋಗಿ ನೂಲು ತಗೊಂಡು ಬಾಮ್ಮ" ಎಂದರು. ಅಂಗಡಿಯಲ್ಲಿ ಆರು ಉಂಡೆ ನೂಲು ಇತ್ತು. ನಾನು ಏಳನೆಯದು ತರಲು ಹೋದೆ. ವಾಪಸು ಬರುವಷ್ಟರಲ್ಲಿ ನಡುವೆ ಒಂದು ಬಿಳಿ ಚೌಕ ಕೂತಿತ್ತು. ಟ್ಯೂಬಣ್ಣನ ಬೀದಿ ಕೊನೆಯ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕದ ಜಾಗಕ್ಕೆ ಕಾಯುತ್ತ ಬಿದ್ದಿತ್ತು. ನಾನು ನಕ್ಷೆ ನೋಡಿದೆ. ಚಿಕ್ಕಪ್ಪ ನಾನು ನಕ್ಷೆ ನೋಡಿದ್ದನ್ನು ನೋಡಿದರು.

"ನಕ್ಷೇಲೂ ತಪ್ಪಿರುತ್ತೆ" ಎಂದರು.

ಅನಾವರಣದ ದಿನ ಬಿಸಿಲು ಚೆನ್ನಾಗಿತ್ತು. ಭವನದ ಅಂಗಳದಲ್ಲಿ ಎರಡು ಕಬ್ಬಿಣದ ಕಂಬ, ನಡುವೆ ಸುತ್ತಿಟ್ಟ ನಮ್ಮ ಬಟ್ಟೆ. ಮೇಡಂ ಜೊತೆ ಅವರ ಮೇಲಿನ ಅಧಿಕಾರಿಯೂ ಬಂದಿದ್ದರು. ದಾರ ಎಳೆದರು. ಬಟ್ಟೆ ಸರಕ್ಕನೆ ಇಳಿಯಿತು. ಜನ "ಓಹ್!" ಎಂದರು. ನಿಜಕ್ಕೂ ಚೆನ್ನಾಗಿತ್ತು. ಹೂವು, ಹಕ್ಕಿ, ಬಸ್ಸು, ಒಬ್ಬರ ಮನೆಯ ಬೀಗದ ಕೈ, ಇನ್ನೊಬ್ಬರ ಸತ್ತುಹೋದ ಬೆಕ್ಕು. ಎಲ್ಲರೂ ಮೊದಲು ಅವರವರದನ್ನು ಹುಡುಕಿದರು, ಸಿಕ್ಕ ಮೇಲೆ ಪಕ್ಕದವರದನ್ನು ನೋಡಿದರು, ಅದು ತಮ್ಮದಕ್ಕಿಂತ ಚೆನ್ನಾಗಿದೆಯೋ ಎಂದು ಒಮ್ಮೆ ಪರೀಕ್ಷಿಸಿದರು. ಚಿಕ್ಕಪ್ಪ ಒಬ್ಬರೇ ಅಲ್ಲ, ಬೀದಿಯೆಲ್ಲ ಸ್ವಲ್ಪ ಸ್ವಲ್ಪ ಉರಿಯುತ್ತಿತ್ತು.

"ನಡುವೆ ಟ್ಯೂಬಣ್ಣನದು ಬರ್ಬೇಕಿತ್ತಲ್ವಾ?" ಎಂದರು ಮೇಷ್ಟ್ರು.

ಚಿಕ್ಕಪ್ಪ ಕೆಮ್ಮತೊಡಗಿದರು. ಅಷ್ಟರಲ್ಲಿ ಟ್ಯೂಬಣ್ಣನೇ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಹೇಗೆ ಗೊತ್ತಾಯ್ತು ನಿಮಗೆ? ನಡುವೆ ಅಷ್ಟೆತ್ತರದಲ್ಲಿ ಇದ್ರೆ ಅಮ್ಮನ ಕೈಗೆ ಎಟುಕಲ್ಲ ಅಂತ ರಾತ್ರಿಯೆಲ್ಲ ಯೋಚನೆ ಆಗಿತ್ತು. ಕೇಳೋಕೆ ನಾಚಿಕೆ. ನೀವೇ ತಿಳ್ಕೊಂಡು ಕೆಳಗೆ ಹಾಕಿದೀರ. ನೋಡಿ ಅಲ್ಲಿ!"

ಅಲ್ಲಿ ಕಂಬದ ಪಕ್ಕ ಅವನ ತಾಯಿ ಕುರ್ಚಿ ಹಾಕಿಕೊಂಡು ಕೂತು ಬೀದಿಯನ್ನು ಸವರುತ್ತಿದ್ದರು. ಜನ ಚಿಕ್ಕಪ್ಪನವರನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಹಾಲಿನವಳು ಮತ್ತೆ ಅತ್ತಳು. ಚಿಕ್ಕಪ್ಪನವರ ಮುಖ ಹುಳಿ ಕಡಿದವರ ಹಾಗಿತ್ತು. ವೈರಿ ಕೊಟ್ಟ ಕೃತಜ್ಞತೆಯನ್ನು ಬೇಡ ಎನ್ನುವುದಕ್ಕೂ ಕಾರಣ ಹೇಳಬೇಕಲ್ಲ!

ಅಧಿಕಾರಿ ಭಾಷಣಕ್ಕೆ ನಿಂತರು. ಆಗ ಗಾಳಿ ಬೀಸಿತು.

ಅಂಥ ದೊಡ್ಡ ಗಾಳಿಯೇನಲ್ಲ. ಆದರೆ ಹತ್ತು ಅಡಿ ಬಟ್ಟೆಯನ್ನು ಎರಡು ಕಂಬಕ್ಕೆ ಬಿಗಿದು ಕಟ್ಟಿದರೆ ಅದು ಚಿತ್ರವಲ್ಲ, ಹಾಯಿ. ಬಟ್ಟೆ ಹೊಟ್ಟೆ ಉಬ್ಬಿಸಿತು. ಎಡಗಡೆಯ ಕಂಬ ನಿಧಾನವಾಗಿ ಅಧಿಕಾರಿಯ ಕಡೆ ಬಗ್ಗಿತು. ಭವನದ ವಾಚ್‌ಮನ್ ಓಡಿಹೋಗಿ ಕಂಬ ತಬ್ಬಿಕೊಂಡ. ಕಂಬ ಅವನನ್ನೂ ಸೇರಿಸಿ ಬಗ್ಗಿತು. ಔಷಧಿ ಅಂಗಡಿಯವರು ವಾಚ್‌ಮನ್ ಸೊಂಟ ಹಿಡಿದರು, ಮೇಷ್ಟ್ರು ಔಷಧಿ ಅಂಗಡಿಯವರ ಅಂಗಿ ಹಿಡಿದರು. ಅಂಗಿ ಚಿಕ್ಕಪ್ಪ ಹೊಲಿದದ್ದು, ತಡೆಯಿತು.

"ಬಿಚ್ರಿ, ಬಿಚ್ರಿ!"

"ಗಂಟು ಬಿಗಿದಿದೆ, ಬಿಚ್ಚೋಕೆ ಬರಲ್ಲ!"

"ಗಾಳಿ ಹೋಗೋಕೆ ತೂತು ಮಾಡ್ಬೇಕು!" ವಾಚ್‌ಮನ್ ಕಂಬದಿಂದಲೇ ಕೂಗಿದ. "ದೊಡ್ಡ ಬ್ಯಾನರ್‌ಗೆಲ್ಲ ಮಾಡ್ತಾರಲ್ಲ, ಹಾಗೆ! ಇಲ್ದಿದ್ರೆ ಸಾಹೇಬರ ತಲೆ ಮೇಲೇ ಬೀಳುತ್ತೆ!"

"ಯಾರದ್ದನ್ನ ಕತ್ತರಿಸೋದು?" ಎಂದರು ಮೇಡಂ.

ನಲವತ್ತೆಂಟು ಮನೆಯವರು ಒಟ್ಟಿಗೆ, "ನಮ್ಮದಲ್ಲ!" ಎಂದರು. ಬೆಕ್ಕಿನವರು ಬೆಕ್ಕಿಗೆ ಅಡ್ಡ ನಿಂತೇಬಿಟ್ಟರು. ಆಗ ಮೇಡಂ ಮೇಲೆ ನೋಡಿದರು. ಅವರ ಮುಖ ಬೆಳಗಿತು.

"ಅಯ್ಯೋ, ನಡುವೆ ಖಾಲಿ ತುಂಡು ಇದೆ! ಸರಿಯಾಗಿ ನಡುವೆ!"

ಎಲ್ಲರೂ ನೋಡಿದರು.

"ಗಾಳಿಗೆ ಅಂತಾನೇ ಬಿಟ್ಟಿದಾರೆ!" ಎಂದರು ಮೇಷ್ಟ್ರು. "ಟೇಲರ್, ಏನಪ್ಪ ನಿನ್ನ ದೂರದೃಷ್ಟಿ! ನಾವೆಲ್ಲ ಹೂವು ಹಕ್ಕಿ ಅಂತಿದ್ವಿ, ಇವನು ಗಾಳಿ ಬಗ್ಗೆ ಯೋಚನೆ ಮಾಡಿದಾನೆ!"

"ಅದಕ್ಕೇ ಸರ್ ನಾನು ಮೊದಲೇ ಹೇಳಿದ್ದು, ಇವರಿಲ್ದೆ ಆಗಲ್ಲ ಅಂತ" ಎಂದು ಮೇಡಂ ಅಧಿಕಾರಿಗೆ ಹೇಳಿದರು.

ಚಿಕ್ಕಪ್ಪ ಬಾಯಿ ತೆರೆದರು. ಆ ಕ್ಷಣದಲ್ಲಿ ಅವರ ಬಾಯಲ್ಲಿ ಎರಡು ಮಾತು ಇದ್ದವು. ಅದು ಖಾಲಿಯಲ್ಲ, ನನ್ನ ಹತ್ತು ದಿನದ ಕೆಲಸ ಎಂದರೆ, ಅದು ನಡುವೆ ಬಂದದ್ದು ಹೇಗೆ ಎಂದು ಕೇಳುತ್ತಾರೆ. ಹೌದು ಖಾಲಿ ಎಂದರೆ, ಜೀವಮಾನದಲ್ಲಿ ಕಾಣದ ಚಪ್ಪಾಳೆ ಕಾದಿದೆ. ಅವರು ನನ್ನ ಕಡೆ ನೋಡಿದರು. ನಾನು ಬೇಗ ಬೆಕ್ಕಿನ ಕಡೆ ನೋಡಿದೆ.

"ಏಣಿ ತನ್ನಿ" ಎಂದರು ಚಿಕ್ಕಪ್ಪ. ಧ್ವನಿ ಎಲ್ಲೋ ಬಾವಿಯಿಂದ ಬಂದಂತಿತ್ತು.

ಏಣಿ ಬಂತು. ಟ್ಯೂಬಣ್ಣ ಹಿಡಿದುಕೊಂಡ. ಚಿಕ್ಕಪ್ಪ ಕತ್ತರಿ ತೆಗೆದುಕೊಂಡು ಹತ್ತಿದರು. ಎಂಥೆಂಥ ಬಟ್ಟೆಗೆ ಕಣ್ಣು ಮಿಟುಕಿಸದೆ ಕತ್ತರಿ ಹಾಕಿದ ಕೈ ಅದು. ಆ ಬಿಳಿ ಚೌಕದ ಮುಂದೆ ಎಷ್ಟೋ ಹೊತ್ತು ನಿಂತಿತು.

"ಬೇಗ ಸರ್! ಖಾಲಿ ಬಟ್ಟೆ ತಾನೇ!" ಎಂದು ಅಧಿಕಾರಿ ಕಂಬದ ನೆರಳಿನಿಂದ ಕೂಗಿದರು.

ಚರ್ ಎಂದಿತು. ಅರ್ಧಚಂದ್ರದ ಹಾಗೆ ಕತ್ತರಿಸಿದರು. ಗಾಳಿ ಭುಸ್ಸೆಂದು ತೂತಿನಿಂದ ಹೊರಬಂದು ಚಿಕ್ಕಪ್ಪನವರ ಕೂದಲೆಲ್ಲ ಹಾರಿಸಿತು. ಕಂಬ ನೆಟ್ಟಗಾಯಿತು. ವಾಚ್‌ಮನ್, ಔಷಧಿ ಅಂಗಡಿಯವರು, ಮೇಷ್ಟ್ರು ಒಬ್ಬರ ಮೇಲೊಬ್ಬರು ಕೂತರು. ಆಮೇಲೆ ಬಿದ್ದ ಚಪ್ಪಾಳೆಗೆ ಭವನದ ಮೇಲಿನ ಪಾರಿವಾಳಗಳು ಹಾರಿಹೋದವು. ಚಿಕ್ಕಪ್ಪನವರಿಗೆ ಹಾರ ಹಾಕಿದರು, ಫೋಟೊ ತೆಗೆದರು. ಫೋಟೊದಲ್ಲಿ ಅವರ ಕಣ್ಣಲ್ಲಿ ನೀರಿದೆ. ಆನಂದಬಾಷ್ಪ ಎಂದು ಕಚೇರಿಯ ಪತ್ರಿಕೆಯಲ್ಲಿ ಅಚ್ಚಾಗಿದೆ.

ಮಾರನೆಯ ದಿನದಿಂದ ಹೋಗುವವರು ಬರುವವರೆಲ್ಲ ನಮ್ಮ ಅಂಗಡಿಯ ಕಡೆಯೂ ಕೈಬೀಸತೊಡಗಿದರು. "ಏನ್ ಟೇಲರಣ್ಣ, ಗಾಳಿ ಹೇಗಿದೆ ಇವತ್ತು?" ಚಿಕ್ಕಪ್ಪ ಕೈಯೆತ್ತುತ್ತಿದ್ದರು, ಕೂತು ನಿಟ್ಟುಸಿರು ಬಿಡುತ್ತಿದ್ದರು.

ವಾರ ಕಳೆದು ಒಂದು ಮಧ್ಯಾಹ್ನ ಟ್ಯೂಬಣ್ಣ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಸುತ್ತ ನೋಡಿ, ಮೆಲ್ಲಗೆ ಹೇಳಿದ.

"ಅಣ್ಣಾ, ನೀವು ಕತ್ತರಿಸಿದ್ದು ಖಾಲಿ ಬಟ್ಟೆ ಅಲ್ಲ ಅಂತ ನನಗೆ ಗೊತ್ತು. ಏಣಿ ಹಿಡಿದಿದ್ದೆನಲ್ಲ, ಕತ್ತರಿ ಹಾಕೋಕೆ ನೀವು ಹಿಂದೆಮುಂದೆ ನೋಡಿದ್ದು ಕಾಣ್ತು. ಆಮೇಲೆ ಸಂಜೆ ಹೋಗಿ ತೂತಿನ ಅಂಚು ನೋಡ್ದೆ. ನಾಲ್ಕು ತರದ ಬಟ್ಟೆ ಇದೆ. ಕೂಡಿಸಿರೋದು ಎಲ್ಲಿ ಅಂತ ಗೊತ್ತೇ ಆಗಲ್ಲ. ತೇಪೆ ಹಾಕೋ ಕೈ ನಂದೂ. ಅಂಥದ್ದು ನನ್ನ ಜನ್ಮದಲ್ಲಿ ನೋಡಿಲ್ಲ."

ಯಂತ್ರ ನಿಂತಿತು. ಮೂವತ್ತು ವರ್ಷದಿಂದ ಚಿಕ್ಕಪ್ಪ ಕಾಯುತ್ತಿದ್ದ ಮಾತು ಅದೊಂದೇ. ಬೀದಿಯಲ್ಲಿ ಅಷ್ಟು ಬಾಯಿಗಳಿರುವಾಗ ಅದು ಈ ಬಾಯಿಂದಲೇ ಬರಬೇಕಿತ್ತೇ?

"ನಾಲ್ಕಲ್ಲ, ಏಳು" ಎಂದರು ಕೊನೆಗೆ, ಗೋಡೆಗೆ.

"ನಂದು ಬಿಸಿಲಿಗೆ ಅಂಟು ಬಿಡ್ತಾ ಇದೆ ಅಣ್ಣ. ಅಮ್ಮನ ಕೈಗೆ ಮನೆಗಳೆಲ್ಲ ಉದುರಿ ಬರ್ತಿವೆ. ಆ ಕಾಣದ ಹೊಲಿಗೆ ನನಗೂ ಹೇಳಿಕೊಡ್ತೀರಾ?"

ಆರು ವರ್ಷದಿಂದ ನಾನು ಅದೇ ಅಂಗಡಿಯಲ್ಲಿ ಕಾಜ ಹೊಲಿಯುತ್ತಿದ್ದೇನೆ. ಆ ಹೊಲಿಗೆ ನನಗೆ ಯಾರೂ ಹೇಳಿಕೊಟ್ಟಿಲ್ಲ. ಇವನು ಬಂದ, ಕೇಳಿದ, ಚಿಕ್ಕಪ್ಪ ಸ್ಟೂಲು ಎಳೆದುಕೊಟ್ಟರು. ಅವತ್ತು ನನ್ನ ಸೂಜಿ ಮೂರು ಸಲ ನನ್ನ ಬೆರಳಿಗೇ ಚುಚ್ಚಿತು.

ದಿನಾ ಮಧ್ಯಾಹ್ನ ಪಾಠ. "ದಪ್ಪ ಕೈ!" "ಟೈರು ಬಿಚ್ತಿದೀಯಾ?" "ಇದು ಹೊಲಿಗೆ ಅಲ್ಲ, ರೈಲು ಹಳಿ!" ಚಿಕ್ಕಪ್ಪ ಅಷ್ಟು ಸುಖವಾಗಿ ಬೈದದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನು ಹಿಂದೆ ಕೂತು, ಕಾಜದ ಬಟ್ಟೆಯ ಕೆಳಗೆ ಒಂದು ಚೂರು ಬಟ್ಟೆ ಇಟ್ಟುಕೊಂಡು, ಅವನಿಗೆ ಹೇಳಿದ್ದನ್ನೆಲ್ಲ ಹೊಲಿಯುತ್ತಿದ್ದೆ.

ನಾಲ್ಕನೇ ವಾರ ಟ್ಯೂಬಣ್ಣ ಎರಡು ತುಂಡು ಕೂಡಿಸಿ ಚಿಕ್ಕಪ್ಪನವರ ಕೈಗೆ ಕೊಟ್ಟ. ಚಿಕ್ಕಪ್ಪ ಬೆಳಕಿಗೆ ಹಿಡಿದರು. ಒಳಗೆ ಹೊರಗೆ ತಿರುಗಿಸಿದರು. ಕನ್ನಡಕ ಹಾಕಿಕೊಂಡರು, ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಕಿವಿ ಕೆಂಪಾಗತೊಡಗಿತು.

"ಸರಿಯಾಗಿಲ್ಲ" ಎಂದರು. "ಬಿಚ್ಚು."

ಟ್ಯೂಬಣ್ಣ ಬಟ್ಟೆ ವಾಪಸು ತೆಗೆದುಕೊಂಡು, ಮುಖದ ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಹುಡುಕಿದ.

"ಎಲ್ಲಿಂದ ಬಿಚ್ಚಲಿ ಅಣ್ಣ? ಸ್ವಲ್ಪ ತೋರಿಸಿಕೊಡಿ."

ಅಂಗಡಿ ಮುಚ್ಚುವ ಹೊತ್ತಾಗಿ ಹೋಗಿದೆ. ಚಿಕ್ಕಪ್ಪ ಇನ್ನೂ ಹುಡುಕುತ್ತಿದ್ದಾರೆ.